ಸಂಬಂಧ ಗೋಜಲಾಗಿದ್ದರೂ ಆಸ್ತಿ ಗೋಜಲಾಗದಿರಲಿ: 15 ಯಶಸ್ಸಿನ ಸೂತ್ರಗಳು

ಮೂವತ್ತೈದಕ್ಕೇ ಫ್ಲ್ಯಾಟ್ ಬುಕ್ ಮಾಡಿದ್ದೀರಿ. ಪಿಎಫ್ ಬೆಳೆಯುತ್ತಿದೆ, ಎಸ್‌ಐಪಿ ತಪ್ಪುತ್ತಿಲ್ಲ, ಟರ್ಮ್ ಇನ್ಶೂರೆನ್ಸ್ ಇದೆ. ಊರಲ್ಲಿ ನಾಲ್ಕು ಎಕರೆ ಜಮೀನಿದೆ, ಪಹಣಿ ಮಾತ್ರ ಇನ್ನೂ ತಾತನ ಹೆಸರಿನಲ್ಲೇ ಇದೆ. ಸಂಪಾದಿಸುವ ಪ್ಲಾನ್ ಪಕ್ಕಾ. ಮುಂದಿನವರಿಗೆ ದಾಟಿಸುವ ಪ್ಲಾನ್ ಎಲ್ಲಿ?

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದರೆ ಪ್ಲಾನ್ ಇಲ್ಲದೆಯೂ ಹೇಗೋ ನಡೆದೀತು. ಆದರೆ ಅಪ್ಪನಿಗೆ ಎರಡು ಸಂಸಾರ. ಅಣ್ಣನ ಜೊತೆ ಮಾತಿಲ್ಲ. ಬೇರೆ ಜಾತಿಯವರನ್ನು ಮದುವೆಯಾದಳೆಂದು ಅಕ್ಕನನ್ನು ಹಬ್ಬಕ್ಕೂ ಕರೆಯುತ್ತಿಲ್ಲ. ನಿಮ್ಮದೇ ಎರಡನೇ ಮದುವೆ, ಹೆಂಡತಿಗೆ ಮೊದಲ ಮದುವೆಯ ಮಗಳಿದ್ದಾಳೆ. ಇಂಥ ಮನೆಗೆ ಎಸ್ಟೇಟ್ ಪ್ಲಾನಿಂಗ್ ಶ್ರೀಮಂತರ ಶೋಕಿಯಲ್ಲ, ತುರ್ತು ಕೆಲಸ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ನಮ್ಮಲ್ಲಿ ಸತ್ತವರ ಆಸ್ತಿ ಕರಗುವುದು ತೆರಿಗೆ ಕಟ್ಟಿ ಅಲ್ಲ, ಕೋರ್ಟಿಗೆ ಅಲೆದು.

ಒಂದೇ ಮಾತು ತಲೆಯಲ್ಲಿಟ್ಟುಕೊಳ್ಳಿ: ನೀವು ಬರೆಯದಿದ್ದರೆ ನಿಮ್ಮ ಪರವಾಗಿ ಕಾನೂನು ಬರೆಯುತ್ತದೆ. ಕಾನೂನಿಗೆ ಗೊತ್ತಿರುವುದು ರಕ್ತ, ಮದುವೆ, ದತ್ತು. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಕೂತವರು ಯಾರು, ಫೋನ್ ಕೂಡ ಮಾಡದವರು ಯಾರು ಎಂಬುದು ಅದಕ್ಕೆ ಗೊತ್ತಿಲ್ಲ. “ನೋಡೋಣ”, “ಈಗಲೇ ಏನು ಅವಸರ”, “ವಿಲ್ ಮಾತೆತ್ತಿದರೆ ಅಪಶಕುನ” ಎನ್ನುವುದೆಲ್ಲ ಅಭ್ಯಾಸ ಅಷ್ಟೆ. ಅಭ್ಯಾಸವನ್ನು ಬದಲಾಯಿಸಬಹುದು. ಇಂದೇ ಶುರು ಮಾಡಿ.

1. ಸಂಬಂಧಗಳ ಪಟ್ಟಿ ಮಾಡಿ, ಕೋಪ ಪಕ್ಕಕ್ಕಿಡಿ

ಒಂದು ಹಾಳೆ ತೆಗೆದುಕೊಳ್ಳಿ. ವಂಶವೃಕ್ಷ ಬರೆಯಿರಿ. ಮಾತು ಬಿಟ್ಟವರು, ಮನೆ ಬಿಟ್ಟು ಹೋದವರು, ದತ್ತು ಬಂದವರು, ಅಪ್ಪನ ಇನ್ನೊಂದು ಸಂಸಾರದ ಮಕ್ಕಳು, ಎಲ್ಲರ ಹೆಸರೂ ಬರಲಿ.

ಯಾಕೆ? ಹೆಸರು ಬಿಟ್ಟರೆ ಹಕ್ಕು ಹೋಗುವುದಿಲ್ಲ. ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳನ್ನು ಬಿಟ್ಟು, ಗಂಡುಮಕ್ಕಳ ಹೆಸರಿಗಷ್ಟೇ ಪೌತಿ ಖಾತೆ ಮಾಡಿಸಿಕೊಳ್ಳುವ ಚಾಳಿ ಇನ್ನೂ ಇದೆ. ಅದು ಗೆಲುವಲ್ಲ. ಖಾತೆ, ಪಹಣಿ ಕಂದಾಯದ ದಾಖಲೆಗಳು. ಮಾಲೀಕತ್ವ ಅವುಗಳಿಂದ ಹುಟ್ಟುವುದಿಲ್ಲ. ಅಂದು ಬಿಟ್ಟ ಹೆಸರು ಮುಂದೊಂದು ದಿನ ಪಾಲಿನ ದಾವೆಯಾಗಿ ಬರುತ್ತದೆ, ಅದೂ ನೀವು ಜಮೀನಿಗೆ ಅಡ್ವಾನ್ಸ್ ಇಸಿದುಕೊಂಡ ಹೊತ್ತಿಗೆ.

2. ಕಾನೂನಿನ ಡೀಫಾಲ್ಟ್ ಸೆಟ್ಟಿಂಗ್ ತಿಳಿದುಕೊಳ್ಳಿ

ವಿಲ್ ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಕೆಲಸ ಶುರು ಮಾಡುತ್ತದೆ. ಅದರ ಲೆಕ್ಕ ಹೀಗಿದೆ:

- ಹೆಂಡತಿ, ಮಕ್ಕಳು, ತಾಯಿ ಮೊದಲ ದರ್ಜೆಯ ವಾರಸುದಾರರು. ಎಲ್ಲರಿಗೂ ಸಮಪಾಲು.
- ತಂದೆ ಎರಡನೇ ದರ್ಜೆ. ಮೇಲಿನವರಲ್ಲಿ ಒಬ್ಬರಿದ್ದರೂ ಅವರಿಗೆ ಏನೂ ಬರುವುದಿಲ್ಲ.
- ಬೇರೆ ವಾಸವಿರುವ, ಆದರೆ ಡಿವೋರ್ಸ್ ಆಗದ ಹೆಂಡತಿಗೆ ಪೂರ್ತಿ ಪಾಲು.
- ಡಿವೋರ್ಸ್ ಆದ ಹೆಂಡತಿಗೆ ಪಾಲಿಲ್ಲ. ಆ ಮದುವೆಯ ಮಕ್ಕಳಿಗೆ ಇದೆ.
- ಹೆಂಡತಿಯ ಮೊದಲ ಮದುವೆಯ ಮಕ್ಕಳಿಗೆ ಮಲತಂದೆಯ ಆಸ್ತಿಯಲ್ಲಿ ಮಕ್ಕಳೆಂಬ ಹಕ್ಕಿಲ್ಲ.
- ಕಾನೂನು ಪ್ರಕಾರ ದತ್ತು ಬಂದವರಿಗೆ ಪೂರ್ತಿ ಹಕ್ಕು. ಬರೀ ಸಾಕಿದ ಮಗನಿಗೆ ಇಲ್ಲ.
- ಜಾತಿ ಮೀರಿ ಮದುವೆಯಾದ ಮಗಳ ಪಾಲು ಒಂದಿಂಚೂ ಕಡಿಮೆಯಾಗುವುದಿಲ್ಲ.

ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ: ವಿಲ್ ಇಲ್ಲದಿದ್ದರೆ ವಿಧವೆಗೆ ಮೂರನೇ ಒಂದು, ಮಕ್ಕಳಿಗೆ ಉಳಿದ ಎರಡು ಭಾಗ. ಮಕ್ಕಳಿದ್ದರೆ ತಾಯಿಗೆ ಪಾಲಿಲ್ಲ. ಮುಸ್ಲಿಮರು ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಾರಸುದಾರರಲ್ಲದವರಿಗೆ ವಿಲ್ ಮೂಲಕ ಬಿಡಬಹುದು. ಒಬ್ಬ ವಾರಸುದಾರನಿಗೆ ಹೆಚ್ಚು ಬಿಡಬೇಕಾದರೆ ಉಳಿದವರ ಒಪ್ಪಿಗೆ ಬೇಕು.

ಈಗ ನಿಮ್ಮ ಹಾಳೆಯನ್ನು ಇದರ ಪಕ್ಕಕ್ಕಿಡಿ. ನಿಮ್ಮ ಮನಸ್ಸಿನ ಪಟ್ಟಿ, ಕಾನೂನಿನ ಪಟ್ಟಿ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಕೆಂಪು ಗುರುತು ಹಾಕಿ. ನಿಮ್ಮ ಕೆಲಸ ಇರುವುದು ಆ ಕೆಂಪು ಗುರುತುಗಳಲ್ಲಿ.

3. ಸ್ವಯಾರ್ಜಿತ ಯಾವುದು, ಪಿತ್ರಾರ್ಜಿತ ಯಾವುದು? ಬೇರ್ಪಡಿಸಿ

ನಿಮ್ಮ ಸಂಬಳದಲ್ಲಿ ಕೊಂಡ ಸೈಟು ಸ್ವಯಾರ್ಜಿತ. ಅದನ್ನು ಯಾರಿಗಾದರೂ ಬರೆಯಿರಿ, ಯಾರ ಅಪ್ಪಣೆಯೂ ಬೇಡ. ಒಟ್ಟು ಕುಟುಂಬದ ಪಿತ್ರಾರ್ಜಿತ ಜಮೀನಾದರೆ ನಿಮ್ಮ ಪಾಲನ್ನಷ್ಟೇ ವಿಲ್ ಮಾಡಬಹುದು. ನಾಲ್ಕೆಕರೆಯನ್ನೂ ಒಬ್ಬ ಮಗನಿಗೇ ಬರೆದಿಟ್ಟರೆ ಆ ವಿಲ್ ನಿಮ್ಮ ಪಾಲಿನಾಚೆಗೆ ನಿಲ್ಲುವುದಿಲ್ಲ.

ಹೆಣ್ಣುಮಕ್ಕಳನ್ನು ಲೆಕ್ಕದಿಂದ ಬಿಡಬೇಡಿ. ಕರ್ನಾಟಕ 1994ರಲ್ಲೇ ತನ್ನದೇ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಅದಕ್ಕೂ ಮೊದಲೇ ಮದುವೆಯಾದವರು ಮಾತ್ರ ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಮದುವೆಯ ಆ ಷರತ್ತನ್ನೂ ತೆಗೆಯಿತು. 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು ಹೇಳಿತು. ತಪ್ಪಿಸಿಕೊಳ್ಳುವ ದಾರಿ 2004ರ ಡಿಸೆಂಬರ್ 20ಕ್ಕೂ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗಕ್ಕೆ ಮಾತ್ರ. “ಮದುವೆ ಮಾಡಿ ಚಿನ್ನ ಹಾಕಿ ಕಳಿಸಿದ್ದೇವಲ್ಲ” ಎಂಬ ವಾದ ಕೋರ್ಟಿನಲ್ಲಿ ನಡೆಯುವುದಿಲ್ಲ.

4. ಎರಡನೇ ಸಂಸಾರವನ್ನು ಲೆಕ್ಕಕ್ಕೆ ತನ್ನಿ

ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಎರಡನೇ ಮದುವೆ ಆದಾಗ ಮೊದಲ ಮದುವೆ ಮುಗಿದಿತ್ತೇ? ಸಾವಿನಿಂದಲೋ ಡಿವೋರ್ಸಿನಿಂದಲೋ ಮುಗಿದಿದ್ದರೆ ಎರಡನೇ ಹೆಂಡತಿ ಪೂರ್ಣ ವಾರಸುದಾರಳು. ಮೊದಲ ಹೆಂಡತಿ ಇರುವಾಗಲೇ ಆಗಿದ್ದರೆ ಆ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ. ಆಕೆಗೆ ಪಾಲಿಲ್ಲ. ಮಕ್ಕಳಿಗೆ ಮಾತ್ರ ಇದೆ.

ಎಷ್ಟು? ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಲೆಕ್ಕ ಸ್ಪಷ್ಟ ಮಾಡಿತು. ಇಂಥ ಮಕ್ಕಳು ಒಟ್ಟು ಕುಟುಂಬದ ಸಹಪಾಲುದಾರರಲ್ಲ. ಆದರೆ ತಂದೆ ಸಾಯುವ ಮುನ್ನ ವಿಭಾಗವಾಗಿದ್ದರೆ ಅವನಿಗೆ ಬರಬಹುದಾಗಿದ್ದ ಪಾಲಿನಲ್ಲಿ ಅವರಿಗೂ ಸಮಪಾಲು.

ಉದಾಹರಣೆ ನೋಡಿ. ನಾಲ್ಕು ಎಕರೆ ಪಿತ್ರಾರ್ಜಿತ. ತಂದೆ, ಮೊದಲ ಹೆಂಡತಿಯ ಒಬ್ಬ ಮಗ. ಆ ಹೆಂಡತಿ ತೀರಿಕೊಂಡಿದ್ದಾರೆ. ಅವರಿದ್ದಾಗಲೇ ಆದ ಎರಡನೇ ಮದುವೆಯಿಂದ ಒಬ್ಬ ಮಗಳು. ತಂದೆ ವಿಲ್ ಇಲ್ಲದೆ ಸತ್ತರೆ ಮೊದಲು ತಂದೆಗೆ ಎರಡು ಎಕರೆ, ಮಗನಿಗೆ ಎರಡು ಎಕರೆ ಎಂದು ಕಾಗದದ ಮೇಲೆ ಪಾಲು. ತಂದೆಯ ಎರಡು ಎಕರೆಯಲ್ಲಿ ಇಬ್ಬರು ಮಕ್ಕಳಿಗೂ ಒಂದೊಂದು. ಕೊನೆಗೆ ಮಗನಿಗೆ ಮೂರು, ಮಗಳಿಗೆ ಒಂದು, ಆ ಮಗಳ ತಾಯಿಗೆ ಸೊನ್ನೆ. ಇಪ್ಪತ್ತು ವರ್ಷ ಬಡಿಸಿ ಉಣಿಸಿದ ಆ ತಾಯಿಗೆ ಸೊನ್ನೆ ಆಗಬಾರದೆಂದಿದ್ದರೆ ತಂದೆ ಬದುಕಿರುವಾಗಲೇ ವಿಲ್ ಆಗಬೇಕು. ಬೇರೆ ಸುಲಭ ದಾರಿಯಿಲ್ಲ. ಮದುವೆಯಾಗದೆ ಜೊತೆಗಿರುವ ಸಂಗಾತಿಗೂ ಇದೇ ಮಾತು: ಹೆಸರು ಬರೆದರೆ ಉಂಟು, ಬರೆಯದಿದ್ದರೆ ಇಲ್ಲ.

5. “ಇರುವತನಕ ಅವಳಿಗೆ, ಆಮೇಲೆ ಮಕ್ಕಳಿಗೆ” ಎನ್ನುವಾಗ ಹುಷಾರು

ಎರಡನೇ ಹೆಂಡತಿ ಬದುಕಿರುವತನಕ ಮನೆಯಲ್ಲಿರಲಿ, ಆಮೇಲೆ ಮನೆ ಮೊದಲ ಮದುವೆಯ ಮಕ್ಕಳಿಗೆ ಹೋಗಲಿ. ಆಸೆ ನ್ಯಾಯವಾದದ್ದೇ. ಇದಕ್ಕೆ ಜೀವಿತಾವಧಿ ಹಕ್ಕು ಎಂಬ ವ್ಯವಸ್ಥೆ ಇದೆ. ಆದರೆ ಇಂಟರ್ನೆಟ್ಟಿನ ನಮೂನೆ ಇಳಿಸಿಕೊಂಡು ಬರೆಯಬೇಡಿ.

ಯಾಕೆ? ಹೆಂಡತಿಯ ಜೀವನಾಂಶದ ಹಕ್ಕಿಗಾಗಿ ಕೊಟ್ಟ ಸೀಮಿತ ಹಕ್ಕು ಅವಳ ಪೂರ್ಣ ಸ್ವತ್ತಾಗಿಬಿಡುತ್ತದೆ ಎಂದು ಸುಪ್ರೀಂ ಕೋರ್ಟಿನ 1977ರ ತುಳಸಮ್ಮ ತೀರ್ಪು ಹೇಳಿದೆ. ಆಗ ಮನೆ ಆಕೆಯ ವಾರಸುದಾರರಿಗೆ ಹೋಗುತ್ತದೆ, ನಿಮ್ಮ ಮಕ್ಕಳಿಗಲ್ಲ. ಒಂದು ವಾಕ್ಯದ ಮೇಲೆ ಒಂದು ಮನೆ ನಿಂತಿದೆ. ಆ ವಾಕ್ಯವನ್ನು ಸಿವಿಲ್ ವಕೀಲರಿಂದಲೇ ಬರೆಸಿ.

6. ಹೆಣ್ಣುಮಕ್ಕಳೇ, ನಿಮ್ಮ ವಿಲ್ ನೀವೇ ಮಾಡಿ

ದುಡಿಯುವ ಪ್ರತಿ ಹೆಣ್ಣುಮಗಳೂ ಈ ಸೂತ್ರವನ್ನು ಎರಡು ಸಲ ಓದಬೇಕು. ಹಿಂದೂ ಹೆಂಗಸು ವಿಲ್ ಇಲ್ಲದೆ ತೀರಿಕೊಂಡರೆ ಆಸ್ತಿ ಮೊದಲು ಗಂಡ, ಮಕ್ಕಳಿಗೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತವರ ಸರದಿ ಬರುವುದು ಅದರ ನಂತರ. ಹೆತ್ತವರಿಂದಲೇ ವಾರಸಿನಲ್ಲಿ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ಕಡೆಗೆ ಹಿಂದಿರುಗುತ್ತದೆ. ಸ್ವಂತ ದುಡಿಮೆಗೆ ಆ ರಿಯಾಯಿತಿ ಇಲ್ಲ.

2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಪ್ರಕರಣ ನೋಡಿ. ಮದುವೆಯಾದ ಮೂರೇ ತಿಂಗಳಿಗೆ ಗಂಡ ಹಾವು ಕಚ್ಚಿ ಸತ್ತ. ಅತ್ತೆಮನೆಯವರು ಹೊರಗೆ ಹಾಕಿದರು. ಹೆತ್ತವರು ಓದಿಸಿದರು. ಆಕೆ ಕೆಲಸಕ್ಕೆ ಸೇರಿ ದುಡಿದು ಪಿಎಫ್, ಬ್ಯಾಂಕ್ ಖಾತೆಯಲ್ಲಿ ಹಣ ಕೂಡಿಟ್ಟರು. 1996ರಲ್ಲಿ ವಿಲ್ ಮಾಡದೆ ತೀರಿಕೊಂಡರು. ಹಣ ಹೋದದ್ದು ಹೆತ್ತ ತಾಯಿಯ ಕಡೆಗಲ್ಲ, ಗಂಡನ ಸೋದರಿಯ ಮಕ್ಕಳಿಗೆ. ಪರಿಸ್ಥಿತಿ ಕಷ್ಟದ್ದೇ, ಆದರೆ ಅನುಕಂಪದ ಮೇಲೆ ಕಾನೂನು ಬದಲಾಗದು ಎಂಬುದೇ ಕೋರ್ಟಿನ ನಿಲುವಾಯಿತು. ಇಬ್ಬರು ಸಾಕ್ಷಿಗಳ ಸಹಿ ಇದ್ದ ಒಂದು ಹಾಳೆ ಸಾಕಿತ್ತು. ಆ ಹಾಳೆ ನೀವು ಬರೆಯಿರಿ.

7. ನಾಮಿನಿ ಹೆಸರು ಇವತ್ತೇ ತೆರೆದು ನೋಡಿ

ಬ್ಯಾಂಕ್, ಇಪಿಎಫ್, ಮ್ಯೂಚುವಲ್ ಫಂಡ್, ಡಿಮ್ಯಾಟ್, ಎಲ್‌ಐಸಿ. ಒಂದೊಂದನ್ನೂ ಲಾಗಿನ್ ಆಗಿ ನೋಡಿ. ಮೊದಲ ಕೆಲಸಕ್ಕೆ ಸೇರಿದಾಗ ಹಾಕಿದ ಹೆಸರು ಇನ್ನೂ ಹಾಗೇ ಇರಬಹುದು. ಡಿವೋರ್ಸ್ ಆದ ಸಂಗಾತಿಯ ಹೆಸರೂ ಇರಬಹುದು.

ನಾಮಿನಿ ಎಂದರೆ ಮಾಲೀಕ ಎಂದುಕೊಳ್ಳಬೇಡಿ. ಹಣ ಇಸಿದುಕೊಂಡು ವಾರಸುದಾರರಿಗೆ ತಲುಪಿಸುವ ಹೊಣೆಗಾರ ಅಷ್ಟೆ. ಷೇರು, ಮ್ಯೂಚುವಲ್ ಫಂಡ್ ವಿಷಯದಲ್ಲೂ ಇದೇ ನಿಯಮ ಎಂದು ಸುಪ್ರೀಂ ಕೋರ್ಟಿನ 2023ರ ಶಕ್ತಿ ಯೆಜ್ದಾನಿ ತೀರ್ಪು ಹೇಳಿದೆ. ವಿಮೆಯ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದು ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾದರೆ ಅವರೇ ಫಲಾನುಭವಿಗಳು ಎಂದಾಯಿತು. ಆದರೂ ಜಗಳ ನಿಂತಿಲ್ಲ. 2025ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಮಾನಿಸಿದ ಪ್ರಕರಣದಲ್ಲಿ ಯುವಕನೊಬ್ಬ ಮದುವೆಗೆ ಮೊದಲು ತಾಯಿಯನ್ನು ನಾಮಿನಿ ಮಾಡಿದ್ದ. ಮದುವೆಯಾಯಿತು, ಮಗುವಾಯಿತು, ಹೆಸರು ಬದಲಾಗಲಿಲ್ಲ. ಅವನು ತೀರಿಕೊಂಡ ಮೇಲೆ ಅತ್ತೆ ಸೊಸೆ ಕೋರ್ಟು ಹತ್ತಿದರು. ತಾಯಿ, ಹೆಂಡತಿ, ಮಗು ಮೂವರಿಗೂ ಮೂರನೇ ಒಂದು ಎಂದು ತೀರ್ಮಾನವಾಯಿತು.

ಹಾಗಾಗಿ ಎರಡು ಕೆಲಸ ಮಾಡಿ. ನಾಮಿನಿ ಮತ್ತು ವಿಲ್ ಎರಡರಲ್ಲೂ ಒಂದೇ ಹೆಸರು ಇರಲಿ. ಮದುವೆಯಾದ ಮೇಲೆ ಇಪಿಎಫ್ ನಾಮಿನೇಶನ್ ಹೊಸದಾಗಿ ಸಲ್ಲಿಸಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಹೇಳಬಹುದು. ತಾಯಿ, ಹೆಂಡತಿ ಇಬ್ಬರೂ ಇರುವ ಮನೆಗೆ ಇದು ಹೇಳಿ ಮಾಡಿಸಿದ ಸೌಲಭ್ಯ. ಬಳಸಿ.

8. ವಿಲ್ ಬರೆಯಿರಿ. ಅದು ನೀವು ಅಂದುಕೊಂಡಷ್ಟು ಕಷ್ಟವಲ್ಲ

ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಿರಿ. ಹೀಗೆ ಮಾಡಿ:

- ಪ್ರತಿ ಆಸ್ತಿಯ ಗುರುತು ಬರೆಯಿರಿ: ಸರ್ವೆ ನಂಬರ್, ಖಾತಾ ನಂಬರ್, ಚೆಕ್ಕುಬಂದಿ, ಬ್ಯಾಂಕ್ ಖಾತೆ.
- ಪ್ರತಿ ವ್ಯಕ್ತಿಯ ಪೂರ್ತಿ ಹೆಸರು, ನಿಮಗೇನಾಗಬೇಕು ಎಂಬುದು ಬರೆಯಿರಿ. “ನನ್ನ ಮಕ್ಕಳಿಗೆ” ಎಂದು ಬಿಟ್ಟರೆ ಯಾವ ಮಕ್ಕಳು ಎಂಬ ಜಗಳ ಶುರುವಾಗುತ್ತದೆ.
- ಪಾಲು ಪಡೆಯುವವರು ನಿಮಗಿಂತ ಮೊದಲೇ ತೀರಿಕೊಂಡರೆ ಯಾರಿಗೆ ಎಂದೂ ಬರೆಯಿರಿ.
- ಉಳಿದ, ಮರೆತ, ಮುಂದೆ ಬರುವ ಆಸ್ತಿ ಯಾರಿಗೆ ಎಂದು ಒಂದು ಸಾಲು ಸೇರಿಸಿ.
- ಎಲ್ಲ ಪುಟಕ್ಕೂ ಸಹಿ ಹಾಕಿ. ಇಬ್ಬರು ಸಾಕ್ಷಿಗಳು ನಿಮ್ಮ ಸಹಿ ನೋಡಿ, ನಿಮ್ಮೆದುರೇ ಸಹಿ ಹಾಕಲಿ.
- ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನಿಮಗಿಂತ ಚಿಕ್ಕ ವಯಸ್ಸಿನವರನ್ನು ಮಾಡಿ. ನಾಳೆ ಕೋರ್ಟಿನಲ್ಲಿ ವಿಲ್ ರುಜುವಾತಾಗಬೇಕಾದರೆ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು.

ನೋಂದಣಿ ಕಡ್ಡಾಯವಲ್ಲ. ಗೋಜಲಿನ ಮನೆಯಾದರೆ ಮಾಡಿಸಿಬಿಡಿ. ಸಬ್ ರಿಜಿಸ್ಟ್ರಾರ್ ಎದುರು ನೀವೇ ನಿಂತು ಹೆಬ್ಬೆಟ್ಟು ಒತ್ತಿದ ದಾಖಲೆಯನ್ನು “ಖೊಟ್ಟಿ” ಎನ್ನುವುದು ಕಷ್ಟ. ಹಾಸಿಗೆ ಹಿಡಿದವರಿದ್ದರೆ ಮನೆಗೇ ಬಂದು ನೋಂದಾಯಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ವಿಷಯ ಗುಟ್ಟಾಗಿರಬೇಕೆಂದರೆ ಮೊಹರು ಮಾಡಿದ ಲಕೋಟೆಯನ್ನು ಜಿಲ್ಲಾ ನೋಂದಣಾಧಿಕಾರಿ ಬಳಿ ಇಡಬಹುದು.

9. ಅನುಮಾನಕ್ಕೆ ಜಾಗ ಬಿಡಬೇಡಿ

ಮೈಸೂರು ಸೀಮೆಯಿಂದ ಸುಪ್ರೀಂ ಕೋರ್ಟಿಗೆ ಹೋಗಿ 1958ರಲ್ಲಿ ತೀರ್ಪಾದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಪ್ರಕರಣವನ್ನು ವಿಲ್ ಕೇಸು ನಡೆಸುವ ವಕೀಲರು ಇಂದಿಗೂ ಎತ್ತಿ ಹೇಳುತ್ತಾರೆ. ವಿಲ್ ಬರೆಸುವುದರಲ್ಲಿ ಮುಂದೆ ನಿಂತವರಿಗೇ ದೊಡ್ಡ ಲಾಭವಾದರೆ ಅದು ಅನುಮಾನಾಸ್ಪದ. ಅನುಮಾನ ನಿವಾರಿಸುವ ಹೊಣೆ ವಿಲ್ ಮುಂದಿಡುವವರದು. ಇದು ಆ ತೀರ್ಪಿನ ತಿರುಳು.

ಪಾಠ ಸರಳ. ಹೆಚ್ಚು ಪಾಲು ಪಡೆಯುವ ಮಗ ವಕೀಲರನ್ನು ಗೊತ್ತು ಮಾಡಬಾರದು, ಕಾರು ಓಡಿಸಿಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯಬಾರದು, ಪಕ್ಕದಲ್ಲಿ ನಿಲ್ಲಬಾರದು. ವಯಸ್ಸಾಗಿದ್ದರೆ ಅದೇ ದಿನದ ಡಾಕ್ಟರ್ ಸರ್ಟಿಫಿಕೇಟ್ ಲಗತ್ತಿಸಿ. ಬರೆದದ್ದನ್ನು ಸ್ವತಃ ಓದಿ ಹೇಳುವ ವೀಡಿಯೊ ಮಾಡಿಡಿ. ಐಸಿಯುನಲ್ಲಿ ಬರೆಸಿದ ವಿಲ್ ಜಗಳಕ್ಕೆ ಆಹ್ವಾನ. ಆರೋಗ್ಯವಾಗಿದ್ದಾಗ ಬರೆದದ್ದೇ ಗಟ್ಟಿ.

10. ಕಡಿಮೆ ಕೊಡುವವರಿಗೆ ಕಾರಣ ಕೊಡಿ, ಬೈಗುಳ ಬೇಡ

ಮಗನ ಹೆಸರನ್ನೇ ಎತ್ತದೆ ಬಿಟ್ಟರೆ “ಅಪ್ಪನಿಗೆ ನೆನಪೇ ಇರಲಿಲ್ಲ, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ” ಎಂದು ವಾದ ಹೂಡುತ್ತಾರೆ. ಹೆಸರು ಹೇಳಿ. ಕಾರಣ ಹೇಳಿ. ಎರಡೇ ಸಾಲು ಸಾಕು:

“ನನ್ನ ಹಿರಿಯ ಮಗನಿಗೆ ಮನೆ ಕಟ್ಟಲು 2016ರಲ್ಲಿ ಹಣ ಕೊಟ್ಟಿದ್ದೇನೆ. ಆದ್ದರಿಂದ ಈ ವಿಲ್‌ನಲ್ಲಿ ಅವನಿಗೆ ಬೇರೆ ಪಾಲು ಇಟ್ಟಿಲ್ಲ. ಇದು ಮರೆತು ಬಿಟ್ಟದ್ದಲ್ಲ, ಯೋಚಿಸಿ ಮಾಡಿದ ತೀರ್ಮಾನ.”

ಇಷ್ಟೇ. ಹಳೆಯ ಜಗಳದ ಕಥೆ, ಸೊಸೆಯ ಮೇಲಿನ ದೂರು ಬರೆಯಬೇಡಿ. ಸಿಟ್ಟಿನಲ್ಲಿ ಬರೆದ ವಿಲ್ ಸಿಟ್ಟಿನವರ ಮಾತಿನಂತೆಯೇ ಕೇಳಿಸುತ್ತದೆ, ಜಡ್ಜ್‌ಗೂ ಹಾಗೆಯೇ.

11. ದಾನಪತ್ರಕ್ಕೆ ಅವಸರ ಬೇಡ

“ಹೇಗಿದ್ದರೂ ಅವನಿಗೇ ಅಲ್ಲವಾ, ಈಗಲೇ ಗಿಫ್ಟ್ ಡೀಡ್ ಮಾಡಿಬಿಡಿ” ಎಂದು ಮಗ ಹೇಳಿದರೆ ಅಪ್ಪ ಅಮ್ಮನ ಪರವಾಗಿ ನೀವು ಈ ಪ್ರಶ್ನೆ ಕೇಳಿ: ನಾಳೆ ಅವರು ಎಲ್ಲಿರುತ್ತಾರೆ? ವಿಲ್ ಜಾರಿಗೆ ಬರುವುದು ಸತ್ತ ಮೇಲೆ, ಬದುಕಿರುವತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ನೋಂದಣಿಯಾದ ದಾನಪತ್ರ ಸಹಿಯಾದ ದಿನವೇ ಕೈಬಿಟ್ಟು ಹೋಗುತ್ತದೆ, ಮನಸ್ಸು ಬದಲಾಯಿತೆಂದು ವಾಪಸ್ ಪಡೆಯಲಾಗದು.

ಮಾಡಲೇಬೇಕೆಂದರೆ “ಕೊನೆಯತನಕ ನಮ್ಮ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕು” ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಿ ಪತ್ರ ರದ್ದು ಮಾಡಿಸಬಹುದು. ಷರತ್ತು ಕಾಗದದಲ್ಲಿಲ್ಲದಿದ್ದರೆ ಹೋರಾಟ ಕಷ್ಟ.

12. ಪಾಲು ಮಾಡುವುದಾದರೆ ಹಿರಿಯರು ಇರುವಾಗಲೇ ಮಾಡಿ

ಪಹಣಿ ತಾತನ ಹೆಸರಿನಲ್ಲಿದೆಯೇ? ಅದನ್ನು ನಿಮ್ಮ ಮಕ್ಕಳ ತಲೆಗೆ ಕಟ್ಟಬೇಡಿ. ಅಪ್ಪ, ಚಿಕ್ಕಪ್ಪ, ಅತ್ತೆಯಂದಿರು ಬದುಕಿರುವಾಗ ಆರು ಸಹಿ ಸಾಕು. ಒಂದು ತಲೆಮಾರು ದಾಟಿದರೆ ಮೂವತ್ತು ಸಹಿ ಬೇಕಾಗುತ್ತದೆ, ಅದರಲ್ಲಿ ನಾಲ್ವರು ಎಲ್ಲಿದ್ದಾರೆಂದೇ ಗೊತ್ತಿರುವುದಿಲ್ಲ.

ಕೂತು ಮಾತಾಡಿ. ಸರ್ವೆ ಮಾಡಿಸಿ, 11ಇ ನಕ್ಷೆ ತೆಗೆಸಿ, ವಿಭಾಗ ಪತ್ರ ನೋಂದಾಯಿಸಿ. ಪಾಲು ಬೇಡವೆನ್ನುವ ಅಕ್ಕ ತಂಗಿಯರಿಂದ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿಯೇ ಪಡೆಯಿರಿ. ಆದರೆ ಅರಿಶಿನ ಕುಂಕುಮದ ಹೆಸರಲ್ಲಿ ಒಂದು ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳಬೇಡಿ. ನ್ಯಾಯವಾದ ಮೊತ್ತ ಕೊಡಿ, ಬ್ಯಾಂಕ್ ಮೂಲಕ ಕೊಡಿ, ಪತ್ರದಲ್ಲಿ ಬರೆಯಿರಿ. ಒತ್ತಾಯದ ಸಹಿ ಮುಂದೆ ದಾವೆಯಾಗುತ್ತದೆ, ಒಪ್ಪಿದ ಸಹಿ ಉಳಿಯುತ್ತದೆ.

ನೇರ ಮಾತಾಡಲು ಆಗದಷ್ಟು ಮುನಿಸಿದ್ದರೆ ಮೀಡಿಯೇಶನ್‌ಗೆ ಹೋಗಿ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಈ ಕೆಲಸ ಮಾಡುತ್ತಿದೆ. ಕೇಸು ಹಾಕುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬಹುದು. ಮಧ್ಯಸ್ಥಿಕೆಗೆ ಹೋಗುವುದು ಸೋಲಲ್ಲ, ಇಪ್ಪತ್ತು ವರ್ಷ ಉಳಿಸುವ ಜಾಣತನ.

13. ಕೈಲಾಗದವರಿಗೆ ಬರೀ ಪಾಲು ಸಾಲದು, ವ್ಯವಸ್ಥೆ ಬೇಕು

ಚಿಕ್ಕ ಮಕ್ಕಳಿದ್ದರೆ ವಿಲ್‌ನಲ್ಲೇ ಪೋಷಕರನ್ನು ಹೆಸರಿಸಿ. ಡಿವೋರ್ಸ್ ಆದವರು ಇದನ್ನು ತಪ್ಪಿಸಬೇಡಿ. ಆದರೆ ಮಗುವಿನ ಇನ್ನೊಬ್ಬ ಹೆತ್ತವರು ಇದ್ದರೆ ಅವರ ಹಕ್ಕು ವಿಲ್‌ನಿಂದ ಅಳಿಯುವುದಿಲ್ಲ. ಅದಕ್ಕೇ ಮಗುವನ್ನು ನೋಡಿಕೊಳ್ಳುವವರು ಬೇರೆ, ಹಣ ನೋಡಿಕೊಳ್ಳುವವರು ಬೇರೆ ಇರಲಿ. ಹಣಕ್ಕೆ ಖಾಸಗಿ ಟ್ರಸ್ಟ್ ಮಾಡಿ.

ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೂ ಟ್ರಸ್ಟೇ ದಾರಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪೋಷಕರ ನೇಮಕ ಮಾಡಿಸಿ. “ಅಣ್ಣ ನೋಡಿಕೊಳ್ಳುತ್ತಾನೆ” ಎಂಬುದು ಆಸೆ, ಪ್ಲಾನ್ ಅಲ್ಲ.

ಬಿಸಿನೆಸ್ ಸಾಲ ಇದೆಯೇ? ಟರ್ಮ್ ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ತೆಗೆದುಕೊಳ್ಳಿ. ಆ ಹಣ ಹೆಂಡತಿ ಮಕ್ಕಳಿಗೆಂದೇ ಟ್ರಸ್ಟ್ ಆಗಿಬಿಡುತ್ತದೆ, ಸಾಲ ಕೊಟ್ಟವರು ಮುಟ್ಟುವಂತಿಲ್ಲ. ಪಾಲಿಸಿ ಕೊಳ್ಳುವಾಗಲೇ ಆ ಫಾರಂ ತುಂಬಬೇಕು, ನೆನಪಿರಲಿ.

14. ಬದುಕಿರುವಾಗಿನ ತೀರ್ಮಾನಕ್ಕೂ ಕಾಗದ ಮಾಡಿ, ಪಟ್ಟಿ ಕೈಗೆ ಸಿಗಲಿ

ವೆಂಟಿಲೇಟರ್ ಬೇಕೋ ಬೇಡವೋ ಎಂದು ಎರಡು ಸಂಸಾರದ ಮಕ್ಕಳು ಐಸಿಯು ಬಾಗಿಲಲ್ಲಿ ಜಗಳವಾಡುವುದು ಬೇಡ. ಲಿವಿಂಗ್ ವಿಲ್ ಬರೆಯಿರಿ. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಾನ್ಯತೆ ಕೊಟ್ಟಿತು, 2023ರಲ್ಲಿ ವಿಧಾನ ಸರಳ ಮಾಡಿತು, ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಿಮ್ಮ ಪರವಾಗಿ ಮಾತಾಡುವವರನ್ನು ಹೆಸರಿಸಿ.

ಜಿಪಿಎ ಮಾಡಿಕೊಟ್ಟಿದ್ದೇನೆ, ಸಾಕಲ್ಲವೇ ಎನ್ನಬೇಡಿ. ಕೊಟ್ಟವರು ಸತ್ತ ಕ್ಷಣಕ್ಕೇ ಅದರ ಬಲ ಮುಗಿಯುತ್ತದೆ.

ಒಂದು ಫೈಲ್ ಮಾಡಿ: ಕ್ರಯಪತ್ರ, ಇಸಿ, ಇ-ಖಾತಾ, ಪಾಲಿಸಿ ನಂಬರ್, ಲಾಕರ್, ಸಾಲ, ಕೈಗಡ. ಅಮೆರಿಕದ ಕಂಪನಿಯ ಆರ್‌ಎಸ್‌ಯು ಇರುವ ಟೆಕ್ಕಿಗಳು ಇನ್ನೊಂದು ಸಾಲು ಸೇರಿಸಿ. ಅಲ್ಲಿನ ನಿವಾಸಿಯೂ ಪೌರನೂ ಅಲ್ಲದವರ ಅಮೆರಿಕನ್ ಷೇರು 60,000 ಡಾಲರ್ ದಾಟಿದರೆ ಸತ್ತ ಮೇಲೆ ಅಲ್ಲಿ ಎಸ್ಟೇಟ್ ಟ್ಯಾಕ್ಸ್ ಬೀಳಬಹುದು. ಎರಡು ದೇಶಗಳಲ್ಲಿ ಆಸ್ತಿಯಿದ್ದರೆ ಎರಡು ವಿಲ್ ಮಾಡಿ; ಒಂದು ಇನ್ನೊಂದನ್ನು ರದ್ದು ಮಾಡದಂತೆ ವಕೀಲರಿಂದ ಬರೆಸಿ.

ಯಾವ ಪಾಲುದಾರರ ಪಕ್ಷಕ್ಕೂ ಸೇರದ ಒಬ್ಬರನ್ನು ವಿಲ್ ಜಾರಿಗೊಳಿಸುವ ಎಕ್ಸಿಕ್ಯೂಟರ್ ಮಾಡಿ. ಫೈಲ್ ಎಲ್ಲಿದೆ ಎಂದು ಅವರಿಗೆ ತಿಳಿಸಿ. ಬ್ಯಾಂಕ್ ಲಾಕರಿನಲ್ಲಿ ವಿಲ್ ಇಟ್ಟು ಆ ಕೀಲಿ ಯಾರಿಗೂ ಗೊತ್ತಿಲ್ಲದಿದ್ದರೆ ಬರೆದದ್ದೂ ಒಂದೇ, ಬರೆಯದಿದ್ದದ್ದೂ ಒಂದೇ.

15. ಪ್ರತಿ ವರ್ಷ ಒಮ್ಮೆ ತೆರೆದು ಓದಿ

ಅಪ್ರೈಸಲ್ ತಿಂಗಳಿಗೆ ಗಂಟು ಹಾಕಿಕೊಳ್ಳಿ. ಸಂಬಳ ಏರಿದಾಗ ವಿಲ್ ಕೂಡ ಅಪ್‌ಡೇಟ್ ಆಗಲಿ. ಮದುವೆ, ಡಿವೋರ್ಸ್, ಮಗು, ಸಾವು, ಹೊಸ ಆಸ್ತಿ, ಹೊಸ ಸಾಲ, ಈ ಆರರಲ್ಲಿ ಯಾವುದೇ ಆದರೂ ಕಾಯಬೇಡಿ. ಕ್ರೈಸ್ತರು ವಿಶೇಷ ಗಮನಿಸಿ: ಮದುವೆಯಾದೊಡನೆ ಅದಕ್ಕೂ ಹಿಂದೆ ಬರೆದ ವಿಲ್ ತಾನಾಗಿ ರದ್ದಾಗುತ್ತದೆ. ಹಿಂದೂಗಳಿಗೆ ಈ ನಿಯಮವಿಲ್ಲ. ಹಾಗಾಗಿ ಹಳೆಯ ವಿಲ್ ಹಾಗೇ ಜೀವಂತ ಉಳಿದು ಹೊಸ ಸಂಸಾರಕ್ಕೆ ತೊಡಕಾದೀತು. ಹೊಸ ವಿಲ್ ಬರೆಯುವಾಗ “ಹಿಂದಿನ ಎಲ್ಲ ವಿಲ್‌ಗಳನ್ನು ರದ್ದುಪಡಿಸಿದ್ದೇನೆ” ಎಂಬ ಸಾಲು ಮರೆಯಬೇಡಿ.

ಈ ವಾರದ ಕೆಲಸ

ಸೋಮವಾರ ಸಂಬಂಧಗಳ ಪಟ್ಟಿ. ಮಂಗಳವಾರ ಆಸ್ತಿ, ಸಾಲದ ಪಟ್ಟಿ. ಬುಧವಾರ ಎಲ್ಲ ನಾಮಿನಿ ಪರಿಶೀಲನೆ. ಗುರುವಾರ ಕೆಂಪು ಗುರುತು ಬಿದ್ದ ಹೆಸರುಗಳ ಬಗ್ಗೆ ಮನೆಯವರೊಡನೆ ಮಾತು. ಶುಕ್ರವಾರ ವಕೀಲರ ಅಪಾಯಿಂಟ್‌ಮೆಂಟ್. ಶನಿವಾರ ಕರಡು. ಭಾನುವಾರ ಇಬ್ಬರು ಸಾಕ್ಷಿಗಳನ್ನು ಕಾಫಿಗೆ ಕರೆಯಿರಿ.

ಅಣ್ಣ ಮಾತಾಡದಿದ್ದರೆ ಅವನನ್ನು ಮಾತಾಡಿಸುವುದು ನಿಮ್ಮ ಕೈಯಲ್ಲಿಲ್ಲ. ಅವನು ನಿಮ್ಮ ಮಕ್ಕಳ ಮೇಲೆ ಕೇಸು ಹಾಕುವ ಅವಕಾಶವನ್ನು ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿದೆ. ಕೈಯಲ್ಲಿರುವ ಕೆಲಸ ಮೊದಲು ಮುಗಿಸಿ. ಪೆನ್ನು ತೆಗೆಯಿರಿ.